ಹದಿನಾಲ್ಕನೇ ನಂಬರು ಇನ್ನೂ ಮೇಲಿದ್ದಾರೆ

ಕಪ್ಪತಗುಡ್ಡ, ಮೂಡಣ ಇಳಿಜಾರು
ಫೆಬ್ರವರಿ ೩೧, ೨೧೯೪

ನೀಲಗಂಗಾ ಕವಲೂರ ಅವರಿಗೆ, ನಿಮ್ಮ ವಂಶದ ಆರನೇ ತಲೆಮಾರಿನ ಸಂಗನಬಸವನ ಶರಣು ಶರಣಾರ್ಥಿ.

ಮೇಲಿನ ತಾರೀಖು ಕಂಡು ಕಾಗದ ಮಡಚಿಡಬೇಡಿ. ಫೆಬ್ರವರಿಗೆ ಮೂವತ್ತೊಂದನೇ ದಿನ ಇಲ್ಲವೆಂಬುದು ನನಗೂ ಗೊತ್ತು. ಆದರೆ ಈ ಗುಡ್ಡದ ಮೇಲೆ ಇವತ್ತು ಮೂವತ್ತೊಂದು, ನಾಳೆ ಮೂವತ್ಮೂರು. ಕಾರಣ ಮುಂದೆ ಬರುತ್ತದೆ. ನನ್ನ ಬರಹದಲ್ಲಿ ನಿಮಗೆ ಗುರುತಿಲ್ಲದ ಶಬ್ದಗಳು ಸಿಕ್ಕರೆ ಕ್ಷಮಿಸಿ. ಅಜ್ಜಿ ಎಂದು ಕರೆಯೋಣವೆಂದರೆ, ಇದು ಕೈ ಸೇರುವಾಗ ನಿಮಗೆ ಇಪ್ಪತ್ತಾರು. ನನ್ನ ಮಗಳು ಹಂಸಾಳಿಗಿಂತ ಎರಡು ವರ್ಷ ಚಿಕ್ಕವರು. ನನಗೆ ಅರವತ್ತೆಂಟು, ಮೊಣಕಾಲು ನೋವು ಬೇರೆ. ಆದ್ದರಿಂದ ಬರೀ ನೀವು ಎಂದೇ ಬರೆಯುತ್ತೇನೆ.

ನಾನು ಇಲ್ಲಿಯ ಇಳಿಲೆಕ್ಕದವನು. ಸ್ಪರ್ಧೆಯಲ್ಲಿ ಹಾರಿದವರೆಲ್ಲ ನೆಲ ಮುಟ್ಟಿದರೋ ಇಲ್ಲವೋ ಎಂದು ಬರೆದಿಡುವವನು. ನಿಮ್ಮ ಕಾಲದಲ್ಲಿ ಇದಕ್ಕೆ ಹೆಸರಿರಲಿಲ್ಲ. ಮೇಜಿನ ಹಿಂದೆ ಯಾರು ಕೂತಿದ್ದರೋ ಅವರು ಬರೆಯುತ್ತಿದ್ದರು, ಮೊದಲ ಸ್ಪರ್ಧೆಯಲ್ಲಿ ಕೂತವರು ನೀವು. ಆಮೇಲೆ ಈ ಕೆಲಸ ನಮ್ಮ ಮನೆತನ ಬಿಟ್ಟು ಹೋಗಲೇ ಇಲ್ಲ. ನೀವು ಬರೆದ ಹಾಳೆ ನನ್ನ ತಗಡಿನ ಪೆಟ್ಟಿಗೆಯಲ್ಲಿದೆ. ಇಸವಿಯ ಜಾಗದಲ್ಲಿ ಯಾರೋ ಚಹಾ ಚೆಲ್ಲಿದ್ದಾರೆ, ಹಾಗಾಗಿ ನೀವು ನಮಗಿಂತ ನೂರೈವತ್ತು ವರ್ಷ ಹಿಂದಿನವರೋ ನೂರೆಪ್ಪತ್ತೋ ಖಚಿತವಾಗಿ ಹೇಳಲಾರೆ. ಫೆಬ್ರವರಿ ೧೭ ಎಂಬುದು ಮಾತ್ರ ಸ್ಪಷ್ಟವಾಗಿದೆ.

ನೀವು ಹ್ಯಾಂಗ್ ಗ್ಲೈಡರ್ ಎನ್ನುವುದನ್ನು ನಾವು ತೂಗುರೆಕ್ಕೆ ಎನ್ನುತ್ತೇವೆ. ನಿಮ್ಮ ಬಟ್ಟೆ ಈಗ ಸಿಗುವುದಿಲ್ಲ. ಕತ್ತಾಳೆ ನಾರು ನೇಯ್ದು ಅಂಟು ಸವರಿ ಮಾಡುತ್ತೇವೆ, ಕಂದು ಬಣ್ಣ, ಹೊಸದರಲ್ಲಿ ಸ್ವಲ್ಪ ವಾಸನೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆ ಉದುರಿ ಎಷ್ಟೋ ಕಾಲವಾಯಿತು. ಕಂಬಗಳು ನಿಂತಿವೆ, ಅವಕ್ಕೆ ಗಾಳಿಯ ದಿಕ್ಕು ತೋರುವ ಚೀಲ ಕಟ್ಟುತ್ತೇವೆ. ಹಾರುವ ಮೊದಲು ಪ್ರತಿಯೊಬ್ಬರೂ ಮೈ ಹೊರುವ ಜೋಳಿಗೆ ತೊಟ್ಟು ರೆಕ್ಕೆಗೆ ನೇತುಬಿದ್ದು ತೋರಿಸಬೇಕು, ಕೊಕ್ಕೆ ಸಿಕ್ಕಿಸದೆ ಓಡುವ ಮರೆಗುಳಿಗಳು ಎಲ್ಲ ಕಾಲದಲ್ಲೂ ಇರುತ್ತಾರೆ. ದಾರಿ ನೀವು ಹಾಕಿಕೊಟ್ಟದ್ದೇ: ಇಲ್ಲಿಂದ ಶಿರಹಟ್ಟಿ, ಲಕ್ಷ್ಮೇಶ್ವರ, ಸವಣೂರು, ಕೊನೆಗೆ ಬಂಕಾಪುರದ ಕೋಟೆ ಮುಂದಿನ ಬಯಲು. ಊರೂರಿನ ಹೆಣ್ಣುಮಕ್ಕಳು ದಾರಿಯ ಗುರುತಿಗೆ ಮಾಳಿಗೆ ಮೇಲೆ ಬಿಳಿ ಸೀರೆ ಹಾಸಿ, ಎಷ್ಟು ರೆಕ್ಕೆ ದಾಟಿದವೆಂದು ಎಣಿಸಿ ನನಗೆ ತಿಳಿಸುತ್ತಾರೆ. ಅವರ ಲೆಕ್ಕದಲ್ಲಿ ಯಾವಾಗಲೂ ಒಂದು ಹೆಚ್ಚಿಗೆ ಇರುತ್ತದೆ. ಅದನ್ನು ಯಾರೂ ತಿದ್ದುವುದಿಲ್ಲ.

ಆ ಹೆಚ್ಚಿನ ಒಂದು ಯಾರೆಂದು ಹೇಳುವುದಕ್ಕೇ ಈ ಕಾಗದ. ನಿಮ್ಮ ಹಾಳೆಯಲ್ಲಿ ನಲವತ್ತೆರಡು ಜನರ ಹೆಸರುಗಳಿವೆ. ಹದಿನಾಲ್ಕನೆಯವರು ಪರ್ವೀನ್ ನದಾಫ್, ಹಳದಿ ರೆಕ್ಕೆ. ಆ ಹೆಸರಿನ ಮುಂದೆ ನೀವು ಹಸಿರು ಶಾಯಿಯಲ್ಲಿ "ಇಳಿದರು, ೪.೫೦, ಸುರಕ್ಷಿತ" ಎಂದು ಬರೆದಿದ್ದೀರಿ. ಹಾಳೆಯ ಹಿಂಬದಿಗೆ, ಬಹಳ ದಿನ ಕಳೆದ ಮೇಲೆ, ಬೇರೆ ಶಾಯಿಯಲ್ಲಿ ಇನ್ನೂ ನಾಲ್ಕು ಸಾಲು ಬರೆದಿದ್ದೀರಿ. ಅವು ನನಗೆ ಬಾಯಿಪಾಠ. ಹಾರಿದವರನ್ನು ಹೊಲಗಳಿಂದ ವಾಪಸು ತರುವ ವ್ಯಾನಿನ ಡ್ರೈವರ್ ಫಕೀರಪ್ಪ ಫೋನ್ ಮಾಡಿ, "ಅಕ್ಕಾರ, ಹಳದಿ ರೆಕ್ಕಿ ಹೊಲದಾಗ ಮಡಚಿ ಇಟ್ಟಾರ್ರಿ, ನಾ ಕಣ್ಣಾರೆ ನೋಡೇನಿ," ಎಂದ. ಬಹುಮಾನ ಹಂಚಲು ಎಲ್ಲರೂ ಕಾಯುತ್ತಿದ್ದರು. ನೀವು ಬರೆದುಬಿಟ್ಟಿರಿ. ಆ ವರ್ಷ ಹಳದಿ ರೆಕ್ಕೆ ಎರಡಿದ್ದವು. ಮಡಚಿಟ್ಟದ್ದು ನಲವತ್ತೊಂದನೇ ನಂಬರಿನದು. ಇಳಿದವರೆಂದು ಬರೆದ ಮೇಲೆ ಹುಡುಕುವವರು ಯಾರು? ಪರ್ವೀನ್ ಸಿಗಲಿಲ್ಲ, ರೆಕ್ಕೆಯೂ ಸಿಗಲಿಲ್ಲ. "ನಾನು ಮುಖ ನೋಡಲಿಲ್ಲ" ಎಂಬುದು ನಿಮ್ಮ ಕೊನೆಯ ಸಾಲು.

ಅಂದಿನಿಂದ ಇಲ್ಲಿ ಮುಖ ನೋಡದೆ ಇಳಿಲೆಕ್ಕ ಬರೆಯುವಂತಿಲ್ಲ. ಇಳಿದವರು ಎಷ್ಟೇ ದಣಿದಿರಲಿ, ತಕ್ಷಣ ಬಂಕಾಪುರದ ಬಯಲಿನಲ್ಲಿ ಹಾಕಿದ ನನ್ನ ಮೇಜಿಗೆ ಬಂದು ನಿಲ್ಲಬೇಕು. ನಾನು ಒಂದು ಉಸಿರಿನಷ್ಟು ಹೊತ್ತು ಮುಖ ನೋಡಿ ಬರೆಯುತ್ತೇನೆ, ಆಮೇಲೆ ಎಲ್ಲರೂ ಗುಡ್ಡಕ್ಕೆ ಮರಳುತ್ತೇವೆ. ಹಂಸಾ ಮೂರು ವರ್ಷದವಳಿದ್ದಾಗ ಮಂಚದಿಂದ ಕೆಳಗೆ ಹಾರಿದರೂ ಓಡಿಬಂದು ನನ್ನ ಮುಂದೆ ಮುಖ ಎತ್ತಿ ನಿಲ್ಲುತ್ತಿದ್ದಳು. ನಾನೇ ಕಲಿಸಿದ್ದು. ಆಗ ಮನೆಯವರೆಲ್ಲ ನಗುತ್ತಿದ್ದರು.

ಇನ್ನು ತಾರೀಖಿನ ವಿಷಯ. ಬಿಸಿಗಾಳಿ ನೆಲದಿಂದ ಸುಳಿಯಾಗಿ ಏಳುವುದಕ್ಕೆ ನಮ್ಮಲ್ಲಿ ಉಬ್ಬು ಎನ್ನುತ್ತಾರೆ. ಒಂದೇ ಉಬ್ಬಿನಲ್ಲಿ ಹತ್ತು ರೆಕ್ಕೆ ಸುತ್ತುವಾಗ ಎಲ್ಲವೂ ಒಂದೇ ಕಡೆಗೆ ಸುತ್ತಬೇಕು. ಬೆಸ ತಾರೀಖಿಗೆ ಎಡಕ್ಕೆ, ಸಮ ತಾರೀಖಿಗೆ ಬಲಕ್ಕೆ ಎಂದು ನಿಯಮ ಮಾಡಿದವರು ನಿಮ್ಮವರೇ. ಎರಡನೇ ವರ್ಷದ ಸ್ಪರ್ಧೆ ಹದಿನೆಂಟನೇ ತಾರೀಖಿಗೆ ನಡೆಯಿತು. ಎಲ್ಲರೂ ಬಲಕ್ಕೆ ಸುತ್ತುತ್ತಿದ್ದಾಗ ಲಕ್ಷ್ಮೇಶ್ವರದ ಮೇಲೆ ಒಂದು ಹಳದಿ ರೆಕ್ಕೆ ಎಡಕ್ಕೆ ಸುತ್ತುತ್ತ ಎದುರಿಗೆ ಬಂತು. ಇಬ್ಬರು ಹೆದರಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಪ್ಯಾರಾಚೂಟಿನಲ್ಲಿ ಇಳಿದರು. ಅವರ ಪುಣ್ಯ, ಬದುಕಿದರು. ಪರ್ವೀನ್ ಅವರಿಗೆ ಅದು ಇನ್ನೂ ಹದಿನೇಳನೇ ತಾರೀಖು ಎಂಬುದು ಹಿರಿಯರಿಗೆ ಆಗ ಹೊಳೆಯಿತು. ಸ್ಪರ್ಧೆಯವರು ಎಂಥವರೆಂದು ನಿಮಗೂ ಗೊತ್ತಿರಬೇಕು. ಪುಸ್ತಕದ ನಿಯಮ ತಿದ್ದಲು ಮನಸ್ಸು ಬರಲಿಲ್ಲ, ದಿನಗಳನ್ನೇ ತಿದ್ದಿದರು. ಗುಡ್ಡದ ಮೇಲೆ ಸಮ ತಾರೀಖು ರದ್ದಾಯಿತು. ಹದಿನೇಳರ ಮರುದಿನ ಹತ್ತೊಂಬತ್ತು, ಅದರ ಮರುದಿನ ಇಪ್ಪತ್ತೊಂದು. ಒಂಬತ್ತು ದಿನದ ಸ್ಪರ್ಧೆ ಮೂವತ್ಮೂರಕ್ಕೆ ಮುಗಿಯುತ್ತದೆ. ಕೆಳಗಿನ ಊರುಗಳಲ್ಲಿ ಇವತ್ತು ಇಪ್ಪತ್ನಾಲ್ಕಂತೆ. ಇರಲಿ.

ಹೀಗೆ ನಾವು ಅವರ ಜೊತೆ ಹೊಂದಿಕೊಂಡು ಬದುಕಿದೆವು ಎಂದು ಬರೆದರೆ ಅರ್ಧ ಸತ್ಯ. ಇನ್ನರ್ಧ ಹೇಳಲು ನಾಚಿಕೆಯಾಗುತ್ತದೆ. ಪರ್ವೀನ್ ನದಾಫ್ ಅವರಷ್ಟು ಚೆನ್ನಾಗಿ ಉಬ್ಬು ಹುಡುಕುವವರು ಈ ಸೀಮೆಯಲ್ಲಿ ಹುಟ್ಟಿಲ್ಲ. ಮಧ್ಯಾಹ್ನ ಎರಡಕ್ಕೆ ಲಕ್ಷ್ಮೇಶ್ವರದ ಮೇಲೆ ಹಳದಿ ರೆಕ್ಕೆ ಕಾಣುತ್ತದೆ. ಅದರ ಕೆಳಗೆ ಸೇರಿಕೊಂಡರೆ ಸಾಕು, ಉಬ್ಬಿನ ಸುಳಿವಿಗೆ ಹದ್ದೂ ಬೇಡ, ಮೋಡವೂ ಬೇಡ, ಬಂಕಾಪುರ ಮುಟ್ಟಿದಂತೆಯೇ. ತುಂಬ ಹತ್ತಿರ ಹೋಗಬಾರದು, ಮುಖ ನೋಡಬಾರದು ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ. ಸವಣೂರು ದಾಟಿದ ಮೇಲೆ ಅದು ಬಿಸಿಲಿನಲ್ಲಿ ಕರಗಿದ ಹಾಗೆ ಕಾಣದಾಗುತ್ತದೆ. ಸಂಜೆ ಎಲ್ಲರ ಲೆಕ್ಕ ಮುಗಿದ ಮೇಲೆ ನಾನು ರೇಡಿಯೊ ತೆರೆದು, "ಹದಿನಾಲ್ಕು, ಗಾಳಿ ಹ್ಯಾಂಗೈತಿ?" ಎಂದು ಕೇಳುತ್ತೇನೆ. ನನ್ನ ಅಪ್ಪ ಕೇಳುತ್ತಿದ್ದ, ಅವನ ತಾಯಿ ಕೇಳುತ್ತಿದ್ದಳು. ಪ್ರತಿ ಸಲವೂ ಅದೇ ಹುಡುಗಿಯ ದನಿ, "ಭಾಳ ಛಲೋ ಐತ್ರಿ ಅಕ್ಕಾರ." ಅಷ್ಟು ಕೇಳಿ ರೇಡಿಯೊ ಆರಿಸಿ, "ಮೇಲಿದ್ದಾರೆ" ಎಂದು ಬರೆಯುವುದು ಪದ್ಧತಿ. ಮೀಸೆ ನೆರೆತ ನನ್ನನ್ನು ಅವರು ಅಕ್ಕಾ ಎನ್ನುವುದಕ್ಕೆ ನಾನು ಒಳಗೊಳಗೇ ನಗುತ್ತಿದ್ದೆ. ಅವರು ಕರೆಯುತ್ತಿದ್ದದ್ದು ನಿಮ್ಮನ್ನು ಎಂಬುದು ನನ್ನಂಥ ದಡ್ಡನಿಗೆ ಹೊಳೆಯಲಿಲ್ಲ.

ಈ ಸಲದ ಸ್ಪರ್ಧೆಯಲ್ಲಿ ಹಂಸಾಳೂ ಹಾರುತ್ತಿದ್ದಾಳೆ, ಇಪ್ಪತ್ತೈದನೇ ತಾರೀಖು ಅವಳು ಪದ್ಧತಿ ಮುರಿದಳು. ಲಕ್ಷ್ಮೇಶ್ವರದ ಉಬ್ಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಎಡಕ್ಕೇ ಸುತ್ತುತ್ತ ಹಳದಿ ರೆಕ್ಕೆಯ ಎತ್ತರಕ್ಕೇರಿ ಮುಖ ನೋಡಿದಳು. ಸಂಜೆ ನನ್ನ ಮೇಜಿಗೆ ಬಂದಾಗ ನಾನು ಅವಳ ಮುಖ ನೋಡಿ ಬರೆಯುವುದನ್ನು ನಿಲ್ಲಿಸಿದೆ. ಅವಳು ಹೇಳಿದ್ದು ಇಷ್ಟೇ: "ಅಪ್ಪಾ, ಆಕಿ ನನಗಿಂತ ಸಣ್ಣಾಕಿ. ತುಟಿ ಒಡದಾವ, ನೀರಡಕಿ ಆಗೇತಿ. ಇಷ್ಟು ವರ್ಷ ಆಕಿನ್ನ ನಾವು ಬರೇ ಗಾಳಿ ಕೇಳೀವಲ್ಲ!" ಆಮೇಲೆ, ರೇಡಿಯೊ ಆರಿಸಬೇಡ ಎಂದಳು.

ಆರಿಸಲಿಲ್ಲ. ಗಾಳಿ ಛಲೋ ಐತ್ರಿ ಎಂದ ಮೇಲೆ ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು ಬಂತು. ನಂತರ ಅದೇ ದನಿ, "ಅಕ್ಕಾರ, ನಾ ಇಳೀಲೇನ್ರಿ?" ಎಂದಿತು.

ನಾವು ರೇಡಿಯೊ ಆರಿಸಿದ ಮೇಲೆ ಅವರು ಪ್ರತಿ ಸಂಜೆಯೂ ಇದನ್ನೇ ಕೇಳುತ್ತಿದ್ದರೇನೋ. ಇಳೀರಿ ತಾಯಿ, ಇಳೀರಿ ಎಂದೆ. ಅವರು, "ಕೆಳಗ ಯಾರೂ ಕಾಣವಲ್ರು ಅಕ್ಕಾರ. ಯಾರರ ನಿಂತಿದ್ರ ಇಳೀತೀನ್ರಿ," ಎಂದರು. ಮತ್ತೆ ಗಾಳಿಯ ಸದ್ದು.

ಹಂಸಾ ನಾಳೆ ಅವರ ಹಿಂದೆ ಹೋಗುತ್ತಾಳೆ. ಹಳದಿ ರೆಕ್ಕೆ ಕರಗುವುದು ತನ್ನ ಕಾಲದ ಹದಿನೇಳನೇ ತಾರೀಖಿನೊಳಕ್ಕೇ ಎಂಬುದು ಅವಳ ಲೆಕ್ಕ. ಸವಣೂರಿನ ಆಚೆ ಹಳದಿ ರೆಕ್ಕೆ ಕರಗುವಲ್ಲಿ ತಾನೂ ಒಳಹೊಕ್ಕು, ಅವರಿಗಿಂತ ಮೊದಲು ಕೆಳಗಿಳಿದು, ಅವರ ಕಾಲದ ಹೊಲದಲ್ಲಿ ಕಾಣುವಂತೆ ನಿಲ್ಲುತ್ತಾಳೆ. ನಾನು ಬೇಡವೆಂದೆ, ಬೈದೆ, ಅತ್ತೆ. ಅವಳು ನಿಯಮದ ಪುಸ್ತಕ ತಂದು ನನ್ನ ಮುಂದಿಟ್ಟಳು. ಸಂಕಟದಲ್ಲಿರುವ ಜೊತೆಗಾರನನ್ನು ಕಂಡವರು ಸ್ಪರ್ಧೆ ಬಿಟ್ಟು ಅವನ ಬಳಿ ಇಳಿಯತಕ್ಕದ್ದು ಎಂದು ಮೂರನೇ ಪುಟದಲ್ಲೇ ಇದೆ. ಜೀವಮಾನವಿಡೀ ಆ ಪುಸ್ತಕವನ್ನು ಎಲ್ಲರ ಮುಖಕ್ಕೆ ಹಿಡಿದವನು ನಾನು.

ಆಗ ನಿಮ್ಮ ಹಾಳೆಯ ಒಂದು ಸಾಲು ನೆನಪಾಯಿತು. ನಲವತ್ತೆರಡು ಹೆಸರುಗಳ ಕೆಳಗೆ ನಲವತ್ಮೂರನೇ ಸಾಲಿದೆ. ಹೆಸರಿಲ್ಲ. "೬.೧೦. ಮುಖ ನೋಡಿದೆ" ಎಂದಷ್ಟೇ ನಿಮ್ಮ ಹಸಿರು ಶಾಯಿಯಲ್ಲಿದೆ. ಕೈತಪ್ಪಿ ಬರೆದದ್ದು ಎಂದು ನಮ್ಮ ಹಿರಿಯರು ಅಂದುಕೊಂಡಿದ್ದರು. ಅದು ನನ್ನ ಮಗಳು. ಅವಳು ನಿಮ್ಮ ಕಾಲ ಮುಟ್ಟುತ್ತಾಳೆ, ಜೀವಂತವಾಗಿ ನಿಮ್ಮ ಮೇಜಿನ ಮುಂದೆ ನಿಲ್ಲುತ್ತಾಳೆ. ಆ ಸಾಲಿನ ಮೇಲೆ ಬೆರಳಿಟ್ಟು ನಾನು ಗಂಟೆಗಟ್ಟಲೆ ಕೂತಿದ್ದೆ.

ಕೂತಿದ್ದಾಗಲೇ ಉಳಿದದ್ದೂ ಅರ್ಥವಾಯಿತು. ಹದಿನಾಲ್ಕರ ಸಾಲು ಬದಲಾಗಿಲ್ಲ. ಹಂಸಾ ಹೊಲದಲ್ಲಿ ಇಳಿದಿದ್ದಾಳೆ, ಆದರೆ ನಿಂತಿಲ್ಲ. ಇಳಿದ ತಕ್ಷಣ ಮೇಜಿಗೆ ಹೋಗಿ ಮುಖ ತೋರಿಸು ಎಂದು ಮೂರು ವರ್ಷದವಳಿದ್ದಾಗಿನಿಂದ ಕಲಿಸಿದೆನಲ್ಲ, ಅವಳ ಕಾಲು ತಾನಾಗಿಯೇ ಬಂಕಾಪುರಕ್ಕೆ ನಡೆದಿದೆ. ಅವಳು ಬೆನ್ನು ತಿರುಗಿಸಿದ ಹೊಲದ ಮೇಲೆ ಪರ್ವೀನ್ ಬಂದಿದ್ದಾರೆ, ಕೆಳಗೆ ಯಾರೂ ಕಾಣಲಿಲ್ಲವೆಂದು ಮತ್ತೆ ಉಬ್ಬು ಹಿಡಿದಿದ್ದಾರೆ. ತಪ್ಪು ನಿಮ್ಮದು ಎಂದು ಇಷ್ಟು ವರ್ಷ ಅಂದುಕೊಂಡೆವು. ಅರ್ಧ ನನ್ನದೂ ಇದೆ.

ಅದಕ್ಕೆ ಈ ಸಂಜೆ ಹಂಸಾಳನ್ನು ಎದುರು ಕೂರಿಸಿಕೊಂಡು ಹೇಳಿದೆ: ಇಳಿದ ಮೇಲೆ ವರದಿ ಮಾಡಬೇಡ. ಮೇಜಿಗೆ ಹೋಗಬೇಡ. ಏನೇ ಆಗಲಿ, ಆಕೆ ನೆಲ ಮುಟ್ಟುವ ತನಕ ಆ ಹೊಲ ಬಿಟ್ಟು ಕದಲಬೇಡ. ಈ ಕಾಗದವನ್ನು ಹೊಲದ ಪಕ್ಕದ ದಾರಿಯಲ್ಲಿ ಬರುವ ಫಕೀರಪ್ಪನ ಕೈಗೆ ಕೊಡು. ಅವಳು ಆಯಿತೆಂದು ತಲೆಯಾಡಿಸಿ, ಬೆಳಿಗ್ಗೆ ಬೇಗ ಏಳಬೇಕೆಂದು ಮಲಗಲು ಹೋದಳು.

ಆದ್ದರಿಂದ ನೀಲಗಂಗಾ ಅವರೇ, ನನ್ನ ಬಿನ್ನಹ ಇದು. ಹಳದಿ ರೆಕ್ಕೆ ಮಡಚಿಟ್ಟದ್ದು ನೋಡಿದೆನೆಂದು ಫಕೀರಪ್ಪ ಹೇಳಿದ್ದರೆ, ನೀವು ೪.೫೦ ಎಂದು ಬರೆದೂ ಆಗಿದ್ದರೆ, ಅದನ್ನು ಹೊಡೆದುಹಾಕಿ. ಬಹುಮಾನಕ್ಕೆ ಕಾಯುವವರು ಕಾಯಲಿ. ನೀರು ತುಂಬಿಕೊಂಡು ಅವನ ವ್ಯಾನು ಹತ್ತಿ. ಕಾಗದ ಎಲ್ಲಿ ಸಿಕ್ಕಿತೆಂದು ಅವನನ್ನೇ ಕೇಳಿ. ಎರೆಹೊಲದಲ್ಲಿ ಕಂದು ರೆಕ್ಕೆಯ ಪಕ್ಕ ಒಬ್ಬಳು ನಿಂತಿರುತ್ತಾಳೆ, ಎಡ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತಿದೆ. ಅವಳ ಮುಖ ನೋಡುತ್ತ ನಿಲ್ಲಬೇಡಿ, ತಲೆ ಎತ್ತಿ ಮೇಲೆ ನೋಡಿ, ಕೈ ಬೀಸಿ. ಒಬ್ಬರಿಗಿಂತ ಇಬ್ಬರು ಚೆನ್ನಾಗಿ ಕಾಣುತ್ತಾರೆ. ಇಬ್ಬರ ಮುಖವನ್ನೂ ನೋಡಿದ ಮೇಲೆ ಬರೆಯಿರಿ. ಆಗ ಇಲ್ಲಿ ಇಳಿಲೆಕ್ಕ, ಬೆಸ ತಾರೀಖು, ಬಹುಶಃ ನಾನೂ ಇರಲಿಕ್ಕಿಲ್ಲ. ಹಂಸಾಳಿಗೆ ವಾಪಸು ಬರಲು ಮನೆ ಇರುವುದಿಲ್ಲ. ಅವಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಚಹಾಕ್ಕೆ ಸಕ್ಕರೆ ಹಾಕಿದರೆ ಮುಟ್ಟುವುದಿಲ್ಲ. ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ.

ಸಹಿ ಹಾಕುವ ಮೊದಲು ಇನ್ನೊಮ್ಮೆ ಪೆಟ್ಟಿಗೆ ತೆರೆದು ನಿಮ್ಮ ಹಾಳೆ ನೋಡಿದೆ. ನಲವತ್ಮೂರನೇ ಸಾಲು ಖಾಲಿಯಾಗಿದೆ. ಶಾಯಿ ಇದ್ದ ಗುರುತೂ ಇಲ್ಲ. ಹದಿನಾಲ್ಕರದು ಹೊಡೆದುಹಾಕದೆ ಹಾಗೆಯೇ ಇದೆ.

ಅವಳು ಮೇಜಿಗೆ ಬಂದಿಲ್ಲ, ಹೊಲದಲ್ಲಿ ಒಬ್ಬಳೇ ನಿಂತಿದ್ದಾಳೆ. ಬೇಗ ಹೊರಡಿ.

ಸಂಗನಬಸವ ಕವಲೂರ
ಹಂಸಾಳ ತಂದೆ