ಅಕ್ಕನ ಸದ್ದಿಲ್ಲದ ಡಬ್ಬಿ

ಶನಿವಾರ, ೧೪ ಜೂನ್

ಕೊನೆಗೂ ಅಕ್ಕನ ಹೊಸ ಕಂಪ್ಯೂಟರ್ ಡಬ್ಬಿಯ ಮುಚ್ಚಳ ಕೂತಿತು! ಬೆಳಗ್ಗೆಯಿಂದ ತಲೆ ತಿಂದಿದ್ದು ಅದೊಂದೇ.

ಅಕ್ಕ ಓದಿ ರೆಕಾರ್ಡ್ ಮಾಡುವ ಕಥೆಗಳಲ್ಲೆಲ್ಲ ಅವಳ ಹಳೇ ಕಂಪ್ಯೂಟರಿನ ಗುಂಯ್ ಸದ್ದು ಸೇರಿಕೊಂಡು, ಕೆಲಸ ಕೊಟ್ಟವರು ಹಿಂದಕ್ಕೆ ಕಳಿಸುತ್ತಿದ್ದರು. "ಮೇಜಿನ ಮೂಲೇಲಿ ಕೂರೋವಷ್ಟು ಪುಟ್ಟದು ಮಾಡಿಕೊಡೇ, ಸದ್ದೂ ಇರಬಾರದು" ಅಂದಿದ್ದಳು. ಪುಟ್ಟದಾದರೆ ಒಳಗೆ ಬಿಸಿ, ಬಿಸಿಯಾದರೆ ಫ್ಯಾನಿನ ಅರಚಾಟ. ಅದನ್ನು ಅವಳಿಗೆ ಹೇಳಿ ಬೈಸಿಕೊಳ್ಳೋರು ಯಾರು?

ಜಾಗ ತಿನ್ನುವ, ಬಿಸಿ ಕಾರುವ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಆಸೆ ಬಿಟ್ಟೆ. ಉಳಿದ ಜಾಗಕ್ಕೆ ಅಗಲವಾದ, ನಿಧಾನ ತಿರುಗುವ ಫ್ಯಾನ್ ಹಾಕಿದೆ. ಕಂಪ್ಯೂಟರಿನ ವೇಗ ಕಮ್ಮಿಯೇ, ಆದರೆ ಕಥೆ ಓದೋಕೆ ರಾಕೆಟ್ ಯಾಕೆ? ಸ್ಕ್ರೂ ಬಿಗಿದು, ಬೀಗುತ್ತಾ ಸ್ವಿಚ್ ಒತ್ತಿದರೆ ಜೀವವೇ ಇಲ್ಲ. ಫ್ಯಾನ್ ಕೂರಿಸೋ ಮೊದಲೇ ಅದರಡಿ ಸಿಕ್ಕಿಸಬೇಕಾದ ಕರೆಂಟಿನ ವೈರನ್ನೇ ಮರೆತಿದ್ದೆ! ಆ ಇಕ್ಕಟ್ಟಿನಲ್ಲಿ ಬೆರಳೂ ತೂರದು. ಮತ್ತೆ ಎಲ್ಲ ಬಿಚ್ಚಿದೆ. ಭಾವ ಇಣುಕಿ, "ಏನಮ್ಮಾ, ಕಟ್ಟೋದಾ, ಬಿಚ್ಚೋದಾ?" ಅಂದರು. ಸಿಟ್ಟೆಲ್ಲ ನಗುವಾಗಿ ಹೋಯಿತು.

ಸಂಜೆ ಅಕ್ಕ ಮೈಕಿನ ಮುಂದೆ ಕೂತಳು. ನಾನು ಅವಳ ಕುರ್ಚಿಯ ಹಿಂದೆ ಕಲ್ಲಿನ ಹಾಗೆ ನಿಂತೆ. ಒಂದು ಪುಟ ಓದಿ, ಹೆಡ್‌ಫೋನ್ ಹಾಕಿ ಕೇಳಿಸಿಕೊಂಡು ಹುಬ್ಬು ಗಂಟಿಕ್ಕಿದಳು. "ಇದೇನೇ, ಬುಸ್ ಬುಸ್ ಅಂತಿದೆ?"

ಡಬ್ಬಿಗೆ ಕಿವಿ ಹಚ್ಚಿದೆ. ಏನೂ ಇಲ್ಲ. ಹೆಡ್‌ಫೋನ್ ಕಿತ್ತುಕೊಂಡು ಕೇಳಿದೆ. ಬುಸ್ ಬುಸ್ ಅಂತಿದ್ದದ್ದು ನನ್ನದೇ ಉಸಿರು!

ಅಕ್ಕ ಬಿದ್ದೂ ಬಿದ್ದೂ ನಕ್ಕಳು. "ಡಬ್ಬಿ ಇಲ್ಲೇ ಇರಲಿ. ನೀನು ಆಚೆ ನಡಿ."

ಬಾಗಿಲಾಚೆ ಕೂತು ಇಡೀ ಕಥೆ ಕೇಳಿದೆ. ಇಷ್ಟು ಖುಷಿಯಾಗಿ ನಾನು ಎಂದೂ ಹೊರಗೆ ಹಾಕಿಸಿಕೊಂಡಿರಲಿಲ್ಲ.