ಎಡಗೈಯಲ್ಲೇ ಗೆದ್ದೆ

ಅಪ್ಪಾ,

ಇವತ್ತು ಫೈನಲ್ ಗೆದ್ದೆ, ಎಡಗೈಯಲ್ಲೇ. ಬಲಗೈ ಮುರಿದಾಗ, "ಸಾಕು ಬಿಡು, ನಿನ್ನ ಬಾಕ್ಸಿಂಗ್ ಮುಗೀತು" ಅಂದಿದ್ದೆಯಲ್ಲ? ತೀರಿಹೋದವನು ನೀನು; ನಾನಿನ್ನೂ ರಿಂಗಿನಲ್ಲಿದ್ದೇನೆ.

ಈಗ ಬಲಗೈ ಬರೀ ಹೆದರಿಸುತ್ತದೆ, ಹೊಡೆಯುವುದು ಎಡಗೈ. ಹುಬ್ಬು ಒಡೆದ ಮೇಲೆ ತಲೆ ತಪ್ಪಿಸುವುದನ್ನು ಕಲಿತೆ. ಮಂಡಿ ಕೈಕೊಟ್ಟ ಮೇಲೆ ಅಟ್ಟಿಸಿಕೊಂಡು ಹೋಗುವುದನ್ನು ಬಿಟ್ಟೆ. ಬೇಕಾದರೆ ಅವರೇ ಬರಲಿ ಎಂದು ನಿಲ್ಲುತ್ತೇನೆ.

ಸೋತವಳ ಕೋಚ್ ಬಂದು, "ಈ ಸ್ಟೈಲ್ ಯಾರಮ್ಮ ಕಲಿಸಿದ್ದು?" ಎಂದರು.

"ತಿಂದ ಏಟುಗಳು ಸಾರ್," ಎಂದೆ. ನಿನ್ನ ಹೆಸರೆತ್ತಲಿಲ್ಲ.

ಗ್ಲೌಸ್ ಒಳಗೆ ಮೂಳೆ ಕಾಯುವ ಪಟ್ಟಿಯನ್ನು ಈಗ ನಾನೇ ಕೈಗೆ ಸುತ್ತಿಕೊಳ್ಳುತ್ತೇನೆ, ತುದಿಯನ್ನು ಹಲ್ಲಲ್ಲಿ ಕಚ್ಚಿ, ಬಿಗಿಯಾಗಿ. ಬಲಗೈ ಮುರಿದ ದಿನ ಅವಸರದಲ್ಲಿ ಸಡಿಲವಾಗಿ ಸುತ್ತಿದವನು ನೀನು. ಅದನ್ನು ಯಾರಿಗೂ ಹೇಳಿಲ್ಲ ಅಪ್ಪಾ. ನಿನಗೂ ಹೇಳಲಿಲ್ಲ.