ನಿನ್ನಮ್ಮನ ಲೋಟ ಕಳಿಸುತ್ತಿಲ್ಲ

ಮಾರ್ಚ್ ೧೪, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಕಾಗದ ಬಂದು ಇವತ್ತಿಗೆ ಇಪ್ಪತ್ತೆರಡು ದಿನ. ಇಷ್ಟು ತಡ ಮಾಡಿದ್ದಕ್ಕೆ ಬೈದುಕೊಂಡಿರುತ್ತೀಯ, ಬೈಯಬೇಕಾದ್ದೇ. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಹರಿದು ಹಾಕಿದೆ. "ಫೋನಿನ ಬೆಳಕು ಕಣ್ಣಿಗೆ ಸೂಜಿಯಂತೆ ಚುಚ್ಚುತ್ತದೆ, ಮಾತು ಕೇಳಿದರೆ ಕಿವಿಯೊಳಗೆ ಡಬ್ಬ ಬಡಿದ ಹಾಗಾಗುತ್ತದೆ, ಕಾಗದ ಬರಿ ಅಪ್ಪ, ಆದಾಗ ಓದಿಕೊಳ್ಳುತ್ತೇನೆ" ಅಂತ ನೀನೇ ಬರೆದಿದ್ದೆ. ಅದಕ್ಕೇ ಹೊಳಪಿಲ್ಲದ ಹಾಳೆ ತಂದು, ಕಪ್ಪು ಶಾಯಿಯಲ್ಲಿ, ಅಂಗಡಿಯ ಕಣ್ಣು ಪರೀಕ್ಷೆಯ ಹಲಗೆಯಲ್ಲಿ ಮೂರನೇ ಸಾಲು ಇರುತ್ತದಲ್ಲ, ಅಷ್ಟು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒಂದೇ ಉಸಿರಿಗೆ ಓದಬೇಡ. ಕಡೆಯ ಹಾಳೆಯನ್ನು ಮಾತ್ರ ಅಳಿಯಂದಿರು ಪಕ್ಕದಲ್ಲಿದ್ದಾಗ ಓದು.

ನನ್ನ ಸಮಾಚಾರ ಏನು ಮಹಾ. ಅಂಗಡಿ ಈಗ ಅರ್ಧ ದಿನ. ಮಂಡಿ ನನ್ನ ಮಾತು ಕೇಳುವುದಿಲ್ಲ, ಗಾಜು ತೇಯುವ ಚಕ್ರ ಮಾತ್ರ ಇನ್ನೂ ನನಗಿಂತ ಗಟ್ಟಿ. ಎದುರಿನ ದರ್ಜಿ ದಿನವೂ ಬಂದು ಕೂರುತ್ತಾನೆ, ಕನ್ನಡಕ ಮೂಗಿನ ಮೇಲಿಟ್ಟುಕೊಂಡೇ ಕನ್ನಡಕ ಹುಡುಕಿಕೊಡು ಅನ್ನುತ್ತಾನೆ. ನಿನ್ನ ತಲೆನೋವಿನ ಸುದ್ದಿ ಅವನ ಕಿವಿಗೆ ಹಾಕಿದ್ದು ನನ್ನ ತಪ್ಪು. ಬೀದಿಗೆ ಬೀದಿಯೇ ವೈದ್ಯಶಾಲೆಯಾಯಿತು. ಹಣೆಗೆ ಬಟ್ಟೆ ಬಿಗಿದು ಕಟ್ಟಬೇಕು ಅಂತ ದರ್ಜಿ, ಶುಂಠಿ ಅರೆದು ಹಚ್ಚಬೇಕು ಅಂತ ಅವನ ಹೆಂಡತಿ. ತರಕಾರಿಯವಳಂತೂ, ಗಂಡನನ್ನು ಒಂದು ತಿಂಗಳು ಅವನ ತಾಯಿ ಮನೆಗೆ ಕಳಿಸಲಿ, ತಲೆನೋವು ತಾನೇ ಹೋಗುತ್ತದೆ ಅಂದಳು. ನಗಬೇಡ, ನಕ್ಕರೂ ನೋಯುತ್ತದೆ ಅಂತ ಬರೆದಿದ್ದೀಯ.

ಶುಂಠಿ ಬೇಡ, ಚರ್ಮ ಉರಿಯುತ್ತದೆ. ಬಟ್ಟೆ ಕಟ್ಟಿಕೊಂಡರೆ ಕೆಲವರಿಗೆ ಹಾಯೆನಿಸುವುದು ನಿಜ, ನಿನ್ನಮ್ಮನೂ ಕಟ್ಟುತ್ತಿದ್ದಳು. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಹಣೆಗೊಂದು, ಕುತ್ತಿಗೆಯ ಹಿಂದಕ್ಕೊಂದು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಔಷಧಿ ಅಂಗಡಿಯ ಯಜಮಾನರನ್ನು ಕೇಳಿಕೊಂಡು ಬಂದೆ. ಅವರು ಹೇಳಿದ್ದು ಒಂದೇ ಮಾತು, "ಮಾತ್ರೆ ನೋವಿನ ಮುಂದೆ ಓಡ್ಬೇಕು, ಹಿಂದೆ ಅಲ್ಲ." ಕಣ್ಣಂಚಿನಲ್ಲಿ ಗರಗಸದ ಹಲ್ಲಿನ ಹಾಗೆ ಬೆಳಕು ಮಿಣುಕುತ್ತದೆ ಅಂದೆಯಲ್ಲ, ಆಗಲೇ ನುಂಗಬೇಕಂತೆ. ತಡೆಯುತ್ತೀನೋ ನೋಡೋಣ ಅಂತ ಹಲ್ಲು ಕಚ್ಚಿ ಎರಡು ಗಂಟೆ ಕೂತರೆ ಆಮೇಲೆ ಹೊಟ್ಟೆಯೇ ಮಾತ್ರೆಯನ್ನು ಒಪ್ಪುವುದಿಲ್ಲ. ಹಾಗಂತ ತಿಂಗಳಲ್ಲಿ ಎಂಟು ಹತ್ತು ದಿನ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತದಂತೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಷ್ಟು ಸಲ ಬೇಕಾಗುತ್ತಿದ್ದರೆ, ನೋವು ಬಾರದ ಹಾಗೆ ದಿನವೂ ತೆಗೆದುಕೊಳ್ಳುವ ಬೇರೆ ಔಷಧಿಯನ್ನೇ ಡಾಕ್ಟರ ಹತ್ತಿರ ಬರೆಸಿಕೊಳ್ಳಬೇಕು. ಕಾಲೇಜಿನಲ್ಲಿ ಓದಿದ್ದೆ, ಬೆಂಕಿಯದೋ ಏನೋ, ಗುಡ್ ಸರ್ವೆಂಟ್, ಬ್ಯಾಡ್... ಬ್ಯಾಡ್ ಏನೋ ಒಂದು. ಮಾತ್ರೆಯೂ ಹಾಗೇ, ಆಳಾಗಿರುವವರೆಗೆ ಒಳ್ಳೆಯದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ರಜೆ ಅಂತ ಹತ್ತು ಗಂಟೆವರೆಗೆ ಮಲಗಬೇಡ, ಈ ಕಾಯಿಲೆಗೆ ಭಾನುವಾರ ಸೋಮವಾರದ ಭೇದ ಹಿಡಿಸುವುದಿಲ್ಲ. ಒಂದು ಪುಸ್ತಕವಿಟ್ಟು, ಯಾವ ದಿನ ಬಂತು, ಯಾವ ಕಡೆ ಬಂತು, ಹಿಂದಿನ ದಿನ ನಿದ್ದೆ ಎಷ್ಟು, ಬರೆಯುತ್ತಾ ಹೋಗು. ಗಿರಣಿಯಲ್ಲಿ ದಿನವಿಡೀ ದೀಪದ ಪೆಟ್ಟಿಗೆಗೆ ಕಣ್ಣಿಟ್ಟು ಬಟ್ಟೆ ಚೂರುಗಳ ಬಣ್ಣ ಹೊಂದಿಸುತ್ತೀಯ, ಮೇಲಿನಿಂದ ಬಣ್ಣದ ಹಂಡೆಯ ವಾಸನೆ. ತಲೆ ನೋಯದೆ ಇನ್ನೇನಾದೀತು? ನಸುಗೆಂಪು ಗಾಜಿನ ಕನ್ನಡಕವೊಂದನ್ನು ನಾನೇ ತೇಯ್ದು ಕೂರಿಸಿ ಈ ಪೊಟ್ಟಣದಲ್ಲಿ ಇಟ್ಟಿದ್ದೇನೆ, ಬೆಳಕಿನ ಚುಚ್ಚು ಕಡಿಮೆಯಾಗುತ್ತದೆ. ಅದನ್ನು ಹಾಕಿಕೊಂಡು ಬಣ್ಣ ಮಾತ್ರ ನೋಡಬೇಡ ಮಾರಾಯ್ತಿ, ಗಿರಣಿಯ ನೀಲಿಯೆಲ್ಲ ನೇರಳೆಯಾದೀತು. ನಿನ್ನಮ್ಮನಿಗೂ ಇಂಥವು ನಾಲ್ಕು ಮಾಡಿಕೊಟ್ಟಿದ್ದೆ. "ಇವ್ರಿಗೆ ಕಾಲು ನೋವು ಅಂದ್ರೂ ಕನ್ನಡಕಾನೇ ಕೊಡ್ತಾರೆ" ಅಂತ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ನಮ್ಮ ಇಂಗ್ಲಿಷ್ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿ ಕಲಿಸಿದ ಮಾತೊಂದಿತ್ತು, ಎ ಸ್ಟಿಚ್ ಇನ್ ಟೈಮ್ ಸೇವ್ಸ್... ಮುಂದೆ ಒಂದು ಲೆಕ್ಕ. ಏಳೋ, ಒಂಬತ್ತೋ. ಹೊತ್ತಿಗೆ ಸರಿಯಾಗಿ ಹಾಕಿದ ಒಂದು ಹೊಲಿಗೆ ಆಮೇಲಿನ ಅಷ್ಟು ಹೊಲಿಗೆ ಉಳಿಸುತ್ತದೆ ಅಂತ. ಎಷ್ಟು ಉಳಿಯುತ್ತದಯ್ಯ ಅಂತ ದರ್ಜಿಯನ್ನು ಕೇಳಿದರೆ, ಯಾವ ಬಟ್ಟೆ ಅಂತ ಹೇಳದೆ ಹೇಗೆ ಹೇಳಲಿ ಅಂದ.

ಗಿರಾಕಿ ಬಂದರು. ಮತ್ತೆ ಬರೆಯುತ್ತೇನೆ.

ಬುಧವಾರ, ಮಧ್ಯಾಹ್ನ

ಗಿರಾಕಿ ನಿನ್ನೆಯೇ ಹೋದರು. ನನಗೇ ಪೆನ್ನು ಎತ್ತಲಾಗಲಿಲ್ಲ.

ಸುತ್ತಿ ಬಳಸಿ ಹೇಳುತ್ತಿದ್ದೇನೆ ಅಂತ ನಿನಗೆ ಗೊತ್ತಾಗಿರಬೇಕು. ನೀನು ಕೇಳಿದ್ದು ಕನ್ನಡಕವನ್ನಲ್ಲ, ಲೋಟವನ್ನು. "ನಮ್ಮ ಮನೆ ಸ್ಟೀಲ್ ಲೋಟ ಕೆಳಗಿಟ್ಟರೆ ಟಣ್ ಅನ್ನುತ್ತೆ ಅಪ್ಪ, ಆ ಸದ್ದಿಗೇ ತಲೆ ಸೀಳುತ್ತೆ. ಅಮ್ಮನ ಹಿತ್ತಾಳೆ ಲೋಟ ಕಳಿಸು" ಅಂತ ಬರೆದಿದ್ದೆ. ಆ ಸಾಲಿನ ಮೇಲೆ ನನ್ನ ಕಣ್ಣು ಇಪ್ಪತ್ತೆರಡು ದಿನ ನಿಂತಿದೆ.

ಆ ಲೋಟದ ನೇಮ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ತಲೆನೋವು ಬಂದಾಗ ನಿನ್ನಮ್ಮನಿಗೆ ಬಾಗಿಲು ತಟ್ಟಿದರೂ ಆಗದು, ಹೆಸರು ಹಿಡಿದು ಕರೆದರೂ ಆಗದು. ಅದಕ್ಕೆ ಹೊಸ್ತಿಲ ಮೇಲೆ ಲೋಟವಿಟ್ಟು ಮಲಗುತ್ತಿದ್ದಳು. ಬೋರಲು ಇದ್ದರೆ ಯಾರೂ ಬರಬೇಡಿ. ನೆಟ್ಟಗೆ ಇದ್ದರೆ ಒಳಗೆ ಬನ್ನಿ. ನೋವು ಇಳಿದ ಮೇಲೆ ಎದ್ದು ನೆಟ್ಟಗೆ ಮಾಡುತ್ತಿದ್ದಳು, ನಾನು ಕಾಫಿ ತೆಗೆದುಕೊಂಡು ಹೋಗುತ್ತಿದ್ದೆ. ಮೂರು ವರ್ಷದವಳಿದ್ದಾಗ ಮನೆಗೆ ಬಂದವರಿಗೆ ನೀನು ತುಟಿಯ ಮೇಲೆ ಬೆರಳಿಟ್ಟು "ಅಮ್ಮ ಬೋರಲು" ಅನ್ನುತ್ತಿದ್ದೆ. ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಆ ಹೊಸ್ತಿಲು. ಹತ್ತೊಂಬತ್ತು ವರ್ಷ ಮೂರೂ ಜನ ಬೆಕ್ಕಿನ ಹೆಜ್ಜೆ ಹಾಕಿ ಬದುಕಿದೆವು.

ಈಗ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಸೋಮವಾರ ಅಳಿಯಂದಿರು ಫೋನು ಮಾಡಿದ್ದರು. ನಿನಗೆ ತಿಳಿಸಬೇಡಿ ಅಂದಿದ್ದಾರೆ, ತಿಳಿಸುತ್ತಿದ್ದೇನೆ. ನಾಲ್ಕು ವರ್ಷದಿಂದ ಬಲಗಡೆ ಕಣ್ಣಿನ ಮೇಲೆ ಬರುತ್ತಿದ್ದ ನೋವು ಎರಡು ವಾರದಿಂದ ಕತ್ತಿನ ಹಿಂದೆ ಬರುತ್ತಿದೆಯಂತೆ. ಬೆಳಿಗ್ಗೆ ಏಳುವಾಗಲೇ ಇರುತ್ತದಂತೆ. ಎಡಗೈಯಿಂದ ಎರಡು ಸಲ ಬಟ್ಟಲು ಜಾರಿತಂತೆ. ಆಮೇಲೆ ಅವರು, ನನಗೆ ಸಮಾಧಾನ ಮಾಡಬೇಕು ಅಂತಲೇ, ಒಂದು ಮಾತು ಹೇಳಿದರು.

"ನೀವು ಚಿಂತೆ ಮಾಡ್ಬೇಡಿ ಮಾವ. ಲೋಟ ಬೋರಲು ಇದ್ರೆ ನಾನು ಬಾಗಿಲ ಹತ್ರಾನೂ ಸುಳಿಯಲ್ಲ. ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೂ ಮಲಗಿದ್ಲು, ಒಂದ್ಸಲಾನೂ ಇಣುಕಿ ನೋಡಿಲ್ಲ."

ಗುಬ್ಬಿ, ಎಷ್ಟು ಹೆಮ್ಮೆಯಿಂದ ಹೇಳಿದರು. ಆ ಹೆಮ್ಮೆ ನನಗೆ ಗೊತ್ತು, ಅದು ನನ್ನದೇ. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಅವರಿಗೆ ಕೈಮುಗಿದು ಹೇಳಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದರು. ನೀನು ಒಪ್ಪಲಿಲ್ಲವಂತೆ. ಅಪ್ಪನಿಗೆ ವಯಸ್ಸಾಯಿತು, ಇದು ನಮ್ಮ ಅಮ್ಮನ ಕಡೆಯಿಂದ ಬಂದ ತಲೆನೋವು, ಬರುತ್ತೆ, ಹೋಗುತ್ತೆ ಅಂದೆಯಂತೆ. ಆ ಮಾತನ್ನೂ ನಿನಗೆ ಕಲಿಸಿದವನು ನಾನೇ.

ನಿನ್ನೆ ಸಂಜೆ ನರದ ಡಾಕ್ಟರ ಹತ್ತಿರ ಹೋಗಿ ಬಂದೆ, ನಮ್ಮಲ್ಲೇ ಕನ್ನಡಕ ಮಾಡಿಸುವವರು. ಅವರು ಪೂರ್ತಿ ಕೇಳಿ, ಪೆನ್ನು ಕೆಳಗಿಟ್ಟು, "ಹಳೇ ತಲೆನೋವು ಹಳೇ ದಾರೀಲಿ ಬಂದ್ರೆ ಹೆದರ್ಬೇಡಿ. ದಾರಿ ಬದಲಾಯಿಸಿದ್ರೆ ಕಾಯ್ಬೇಡಿ" ಅಂದರು. ಒಂದೇ ಸಲ ಸಿಡಿಲು ಬಡಿದ ಹಾಗೆ ಬಂದರೆ, ಕೈಕಾಲು ಜೋಮು ಹಿಡಿದರೆ, ಮಾತು ತೊದಲಿದರೆ, ಜ್ವರದ ಜೊತೆ ಕತ್ತು ಬಗ್ಗದಿದ್ದರೆ, ಮಲಗಿ ಸರಿಹೋಗುತ್ತದೆ ಅಂತ ಕೂರುವ ಹಾಗಿಲ್ಲವಂತೆ, ಆ ಕ್ಷಣವೇ ಹೊರಡಬೇಕಂತೆ. ನಿನ್ನದು ಏನೂ ಇಲ್ಲದೆಯೂ ಇರಬಹುದು, ಸ್ಕ್ಯಾನ್ ಮಾಡಿಸಿ ನೋಡದೆ ಯಾರೂ ಹೇಳಲಾರರು ಅಂದರು. ಏನೂ ಇಲ್ಲದೆಯೂ ಇರಬಹುದು ಅನ್ನುವುದನ್ನೇ ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ.

ದರ್ಜಿ ನಾಳೆ ಬೆಳಗಿನ ಬಸ್ಸಿಗೆ ನಿಮ್ಮ ಗಿರಣಿಯಿಂದ ಬಟ್ಟೆ ತರಲು ಬರುತ್ತಿದ್ದಾನೆ. ಈ ಕಾಗದವನ್ನೂ ಕನ್ನಡಕವನ್ನೂ ನಿನ್ನ ಕೈಗೇ ಕೊಡು ಅಂತ ಹೇಳಿದ್ದೇನೆ. ಓದಿದ ದಿನವೇ ಆಸ್ಪತ್ರೆಗೆ ಹೋಗು. ಇನ್ನು ಮೇಲೆ ನೀನು ಮಲಗಿದಾಗ ಅಳಿಯಂದಿರು ಅರ್ಧ ಗಂಟೆಗೊಮ್ಮೆ ಒಳಗೆ ಬರಲಿ. ನಿನ್ನ ಎರಡೂ ಕೈ ಹಿಡಿದು, ಅಮುಕು ಅನ್ನಲಿ. ಹೆಸರು ಕೇಳಲಿ. ನೀನು ಬೈದರೆ ಬೈಸಿಕೊಳ್ಳಲಿ. ಬೈಯುವವರು ಒಳಗಿದ್ದಾರೆ ಅಂತ ಗೊತ್ತಾಗುವುದಕ್ಕಿಂತ ದೊಡ್ಡ ಸಮಾಧಾನ ಹೊರಗಿರುವವನಿಗೆ ಇನ್ನೊಂದಿಲ್ಲ.

ನೂರು ವರ್ಷ ಬಾಳು ಮಗಳೇ. ತಲೆ ಹಗುರಾಗಲಿ, ಕಣ್ಣು ತಂಪಾಗಲಿ. ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು, ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ.

ಇಂತಿ ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ. ಹನ್ನೊಂದು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದು.

"ಕಡೆಯ ದಿನವೂ ಅಮ್ಮ ಲೋಟ ಬೋರಲು ಹಾಕಿ, ತನಗೆ ಬೇಕಾದ ಹಾಗೆ, ಯಾರ ಗಲಾಟೆಯೂ ಇಲ್ಲದೆ ಹೋದಳು" ಅಂತ ಬರೆದಿದ್ದೀಯ. ಅದನ್ನೇ ನಂಬಿ ನೀನು ಸಮಾಧಾನ ಮಾಡಿಕೊಂಡಿದ್ದೀಯ ಅಂತ ನನಗೆ ಗೊತ್ತು. ಕಾಲೇಜಿನಿಂದ ಒಂದು ಗಂಟೆಗೆ ಬಂದಾಗ ನೀನು ಕಣ್ಣಾರೆ ನೋಡಿದ್ದೆ, ಲೋಟ ಬೋರಲೇ ಇತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡು, ಸದ್ದಿಲ್ಲದೆ ವಾಪಸು ಹೋದೆ.

ಅದನ್ನು ಬೋರಲು ಹಾಕಿದವನು ನಾನು.

ಬೆಳಿಗ್ಗೆ ಹತ್ತಕ್ಕೆ ಅವಳು ಒಳಗೆ ಹೋದಳು. ಕಾಲು ಗಂಟೆ ಬಿಟ್ಟು ನಾನು ಚಿಮಟ ಹುಡುಕುತ್ತಾ ಹಿಂದೆ ಬಂದರೆ ಲೋಟ ನೆಟ್ಟಗಿತ್ತು. ಇಷ್ಟು ಬೇಗ ನೋವು ಇಳಿಯುವುದಿಲ್ಲ, ಪಾಪ, ನೋವಿನ ಭರದಲ್ಲಿ ಬೋರಲು ಹಾಕುವುದನ್ನು ಮರೆತಿದ್ದಾಳೆ ಅಂದುಕೊಂಡೆ. ಬಗ್ಗಿ, ಉಸಿರು ಬಿಗಿಹಿಡಿದು, ಒಂದು ಚೂರೂ ಸದ್ದಾಗದ ಹಾಗೆ ಅದನ್ನು ಮಗುಚಿಟ್ಟೆ. ಎಷ್ಟು ನಾಜೂಕಾಗಿ ಮಾಡಿದೆ ಅಂತ ಒಳಗೊಳಗೇ ಖುಷಿಪಟ್ಟುಕೊಂಡು ಅಂಗಡಿಗೆ ಹೋಗಿ ಗಾಜು ತೇಯುತ್ತಾ ಕೂತೆ. ಅವಳು ಮರೆತಿರಲಿಲ್ಲ ಗುಬ್ಬಿ. ಬಾ ಅಂತ ಕರೆದಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸಲ, ನೋವಿನ ನಡುವೆ ಕರೆದಿದ್ದಳು. ನಾಲ್ಕೂವರೆಗೆ ನಾನು ಒಳಗೆ ಹೋದಾಗ ಅವಳ ಕೈ ಬಾಗಿಲ ಕಡೆಗೆ ಚಾಚಿತ್ತು. ತಲೆಯೊಳಗೆ ರಕ್ತನಾಳ ಒಡೆದಿದೆ, ಬೆಳಿಗ್ಗೆಯೇ ತಂದಿದ್ದರೆ ಏನಾದರೂ ಮಾಡಬಹುದಿತ್ತೇನೋ, ಹೇಳಲಾಗದು ಅಂತ ಆವತ್ತಿನ ಡಾಕ್ಟರು ಅಂದರು. ನೀನು ಬಂದು "ಲೋಟ ಬೋರಲು ಇತ್ತು ಅಪ್ಪ, ನಮಗೆ ಹೇಗೆ ಗೊತ್ತಾಗ್ಬೇಕು" ಅಂತ ನನ್ನ ಬೆನ್ನು ಸವರಿದೆ. ಹೌದಮ್ಮ ಅಂದುಬಿಟ್ಟೆ.

ಲೋಟ ನನ್ನ ಹತ್ತಿರವೇ ಇರಲಿ. ಇವತ್ತು ಅದನ್ನು ಹೊಸ್ತಿಲ ಮೇಲೆ ನೆಟ್ಟಗೆ ಇಟ್ಟಿದ್ದೇನೆ. ಮೇಷ್ಟ್ರ ಲೆಕ್ಕ ಏಳೋ ಒಂಬತ್ತೋ, ನನಗೆ ಅಷ್ಟು ಬೇಕಾಗಿರಲಿಲ್ಲ, ಒಂದು ಜೀವ ಉಳಿದಿದ್ದರೆ ಸಾಕಿತ್ತು. ಈಗಲೂ ಒಂದೇ ಕೇಳುತ್ತಿದ್ದೇನೆ.

ಇನ್ನು ಈ ಅಪ್ಪನ ಮುಖ ನೋಡಬಾರದು ಅನ್ನಿಸಿದರೆ ನೋಡಬೇಡ, ನಾನು ಏನೂ ಅನ್ನುವುದಿಲ್ಲ. ಅದನ್ನು ಆಸ್ಪತ್ರೆಗೆ ಹೋಗಿ ಬಂದ ಮೇಲೆ ಯೋಚನೆ ಮಾಡು.